ಎರಡು ಸೆಕೆಂಡಿನ ಸಂದೇಹ

“ಒಬ್ಬಗ ಬೆರಳಿಲ್ಲ, ಇನ್ನೊಬ್ಬಗ ತಲಿ ಇಲ್ಲ. ಇಬ್ಬರನ್ನೂ ಕೂಡಿಸಿ ಹೊಲಿದ್ರ ಒಬ್ಬ ಆಪರೇಟರ್ ಆದಾನು ನೋಡ್ರಿ.”

ಸೋಮವಾರದ ಮೀಟಿಂಗಿನಲ್ಲಿ, ಹದಿನಾಲ್ಕು ಜನರ ಎದುರಿಗೆ, ಅಭಿನಂದನ ಸಾಹೇಬರು ಹೇಳಿದ ಮಾತು ಇದು. ಸಾಹೇಬರು ನಮ್ಮೂರ ನೀರು ಸರಬರಾಜಿನ ಕಂಟ್ರೋಲ್ ರೂಮಿನ ಇಂಜಿನಿಯರು. ಬೆರಳಿಲ್ಲದವರು ಎಂದರೆ ದಾವಲಸಾಬ ನದಾಫ, ಮೂವತ್ತೊಂದು ವರ್ಷ ಈ ಊರಿನ ವಾಲ್ವ್‌ಮನ್ ಆಗಿದ್ದವರು. ಅವರಿಗೆ ಹತ್ತೂ ಬೆರಳು ನೆಟ್ಟಗಿದ್ದವು. ಕೀಬೋರ್ಡಿನ ಮೇಲೆ ಮಾತ್ರ ಒಂದೇ ಓಡುತ್ತಿತ್ತು. ತಲೆಯಿಲ್ಲದವನು ನಾನು, ಮೈಲಾರಿ ಬಾರಕೇರ. ಎಂಟನೆಯ ಇಯತ್ತೆಯ ಅರ್ಧಕ್ಕೆ ಶಾಲೆ ಬಿಟ್ಟವನು. ಹದಿನಾಲ್ಕು ಜನರೂ ನಕ್ಕರು. ದಾವಲ ಕಾಕಾ ಕೂಡ ನಕ್ಕರು. ಬೇರೆಯವರ ನಗುವಿಗಿಂತ ಅವರ ನಗುವೇ ನನಗೆ ಹೆಚ್ಚು ಸಿಟ್ಟು ತರಿಸಿತು.

ಗೋಡೆಯ ಮೇಲಿನ ಬೋರ್ಡಿನಲ್ಲಿ ಎಲ್ಲರ ಹೆಸರು, ಹೆಸರಿನ ಮುಂದೆ ಒಂದೊಂದು ಅಂಕಿ. ನನ್ನದು ನಾಲ್ಕು, ಹಸಿರು ಬಣ್ಣ. ಕಾಕಾನದು ಅರವತ್ತೊಂದು, ಕೆಂಪು. ಅದಕ್ಕೆ ಊರ ನೀರಿನ ಗುತ್ತಿಗೆ ಹಿಡಿದ ಕಂಪನಿಯವರು ಇಟ್ಟ ಹೆಸರು ಸಂದೇಹದ ಅಂಕಿ.

ಅದು ಏನೆಂದು ಹೇಳಬೇಕಾದರೆ ನಮ್ಮ ಕೆಲಸ ಏನೆಂದು ಹೇಳಬೇಕು. ನಮ್ಮ ಮಷೀನಿನಲ್ಲಿ ಚಿತ್ರವಿಲ್ಲ, ಮೌಸಿಲ್ಲ. ಕಪ್ಪು ಪರದೆ, ಅದರ ಮೇಲೆ ಮಿಣುಕುವ ಒಂದು ಗೆರೆ, ಅಷ್ಟೇ. ‘ತೆರೆ’ ಎಂದು ಬರೆದು, ಮುಂದೆ ವಾಲ್ವಿನ ಹೆಸರು ಬರೆದು ಎಂಟರ್ ಒತ್ತಿದರೆ ಐದು ಕಿಲೋಮೀಟರ್ ಆಚೆಯ ಯಾವುದೋ ಓಣಿಯ ನೆಲದೊಳಗೆ ಮೋಟಾರು ತಿರುಗಿ ನೀರು ಬಿಡುತ್ತದೆ. ‘ಮುಚ್ಚು’ ಎಂದರೆ ನಿಲ್ಲುತ್ತದೆ. ಊರಲ್ಲಿ ಎಂಟುನೂರು ಚಿಲ್ಲರೆ ವಾಲ್ವುಗಳಿವೆ. ಹೆಸರುಗಳು ಉದ್ದ. ಯಾರೂ ಪೂರ್ತಿ ಬರೆಯುವುದಿಲ್ಲ. ಮೊದಲ ಎರಡು ಮೂರು ಅಕ್ಷರ ಕುಟ್ಟಿ ಟ್ಯಾಬ್ ಒತ್ತಿದರೆ ಉಳಿದದ್ದನ್ನು ಮಷೀನೇ ತುಂಬಿಕೊಡುತ್ತದೆ. ಆ ಅಕ್ಷರಗಳಿಂದ ಶುರುವಾಗುವ ಹೆಸರು ಒಂದೇ ಇದ್ದರೆ ಸರಿ. ನಾಲ್ಕಿದ್ದರೆ? ಹಳೆಯ ಮಷೀನು ಸುಮ್ಮನೆ ಬೀಪ್ ಎನ್ನುತ್ತಿತ್ತು. ಇನ್ನೊಮ್ಮೆ ಒತ್ತಿದರೆ ನಾಲ್ಕನ್ನೂ ಪಟ್ಟಿ ಮಾಡಿ ಮುಂದಿಟ್ಟು, ಆರಿಸಿಕೋ ಎನ್ನುತ್ತಿತ್ತು. ಸಾಹೇಬರು ಒತ್ತಿದರೂ ಅಷ್ಟೇ, ಸಿಪಾಯಿ ಒತ್ತಿದರೂ ಅಷ್ಟೇ.

ಕಂಪನಿ ತಂದ ಹೊಸ ಮಷೀನು ಹಾಗಲ್ಲ. ಅದು ಒತ್ತುವವನನ್ನು ಅಳೆಯುತ್ತಿತ್ತು. ಒಂದು ಕೀ ಮತ್ತು ಮುಂದಿನ ಕೀ ನಡುವೆ ಎಷ್ಟು ಹೊತ್ತು ಕಳೆಯಿತು ಎಂದು ಸೆಕೆಂಡನ್ನು ಸಾವಿರ ಚೂರು ಮಾಡಿ ಎಣಿಸುತ್ತಿತ್ತು. ಬೆರಳು ತಡೆಯಿಲ್ಲದೆ ಓಡಿದರೆ, ಇವನಿಗೆ ಏನು ಬೇಕೋ ಗೊತ್ತಿದೆ ಎಂದು ತಿಳಿದುಕೊಂಡು, ಪಟ್ಟಿ ಗಿಟ್ಟಿ ತೋರಿಸದೆ ಈಚೆಗೆ ಹೆಚ್ಚು ಬಳಸಿದ ಹೆಸರನ್ನು ತಾನೇ ತುಂಬಿಬಿಡುತ್ತಿತ್ತು. ಬೆರಳು ತಡವರಿಸಿದರೆ ಪಟ್ಟಿ ತೆಗೆಯುತ್ತಿತ್ತು. ಪಟ್ಟಿಯ ಪ್ರತಿ ಹೆಸರಿನ ಪಕ್ಕದಲ್ಲಿ ಅದರ ಸ್ಥಿತಿ: ತೆರೆದಿದೆ, ಮುಚ್ಚಿದೆ, ಒಳಗೆ ಕೆಲಸ ನಡೆದಿದೆ. ಕೊನೆಗೆ ‘ಇದೇನಾ?’ ಎಂಬ ಪ್ರಶ್ನೆ. ಹೌದು ಎಂದು ಒತ್ತಿದ ಮೇಲೆಯೇ ಮುಂದಿನ ಕೆಲಸ.

ಆ ತಡವರಿಕೆಯನ್ನೆಲ್ಲ ಕೂಡಿಸಿ ಬಂದ ಮೊತ್ತವೇ ಬೋರ್ಡಿನ ಅಂಕಿ. ಮಾರ್ಚ್ ಮುಗಿಯುವುದರೊಳಗೆ ಯಾರ ಅಂಕಿ ಹತ್ತಕ್ಕೆ ಇಳಿಯುವುದಿಲ್ಲವೋ ಅವರು ಕೊಠಡಿಯಿಂದ ಹೊರಗೆ ಎಂದು ಆ ಸೋಮವಾರ ಸಾಹೇಬರು ಓದಿ ಹೇಳಿದರು. ಕೆಂಪು ಬಣ್ಣದಲ್ಲಿದ್ದವರು ಮೂವರು. ಇಬ್ಬರು ಬೇರೆ ಕಡೆ ವರ್ಗ ಕೇಳಿಕೊಂಡರು. ಉಳಿದವರು ಕಾಕಾ ಒಬ್ಬರೇ.

ಮೀಟಿಂಗು ಮುಗಿದ ಮೇಲೆ ಚಹದಂಗಡಿಯ ಮುಂದೆ ನಾನು ಕೇಳಿದೆ, “ಯಾಕ ನಕ್ಕಿ ಕಾಕಾ? ಅವಾ ಮಂದಿ ಮುಂದ ನಮ್ಮ ಮಾನ ಕಳದ, ನೀ ಹಲ್ಲು ಕಿಸದಿ.”

“ಮತ್ತೇನ್ ಮಾಡ್ಲೆಪಾ. ಅಳಬೇಕಿತ್ತೇನು?” ಕಾಕಾ ಬಶಿಯಲ್ಲಿ ಚಹಾ ಸುರುವಿ ಊದಿದರು. “ಅವಾ ಹೇಳಿದ್ದು ಸುಳ್ಳೇನಲ್ಲ ಬಿಡು. ಆದ್ರ ಮೈಲಾರಿ, ನನಗ ಈ ಊರಿಗೆ ನೀರು ಬಿಡೂದು ಬಿಟ್ರ ಬ್ಯಾರೆ ಏನೂ ಬರೂದಿಲ್ಲೋ. ಮನ್ಯಾಗ ಕುಂತು ಏನ್ ಮಾಡ್ಲಿ? ನಳದ ಸಪ್ಪಳ ಕೇಳಿದ್ರ ಎದ್ದು ಓಡಬೇಕನಸತೈತಿ ನನಗ.”

“ನೀ ಎಲ್ಲೂ ಹೋಗಂಗಿಲ್ಲ. ನಾ ಕಲಸ್ತೀನಿ ನಿನಗ. ಹತ್ತಕ್ಕ ಇಳಸ್ತೀನಿ.”

ನನಗೆ ಕಲಿಸಲು ಬರುವುದು ಅದೊಂದೇ. ಶಾಲೆ ಬಿಟ್ಟ ಮೇಲೆ ಕೋರ್ಟಿನ ಮುಂದಿನ ಡಿಟಿಪಿ ಅಂಗಡಿಯಲ್ಲಿ ಏಳು ವರ್ಷ ಲಗ್ನಪತ್ರಿಕೆ, ಅಫಿಡವಿಟ್, ಶ್ರದ್ಧಾಂಜಲಿ ಬ್ಯಾನರು ಕುಟ್ಟಿದವನು ನಾನು. ಗಿರಾಕಿ ಹೇಳುತ್ತ ಹೋಗಬೇಕು, ನಾನು ಕುಟ್ಟುತ್ತ ಹೋಗಬೇಕು. ಅವನು ಉಸಿರು ತೆಗೆದುಕೊಳ್ಳುವುದರೊಳಗೆ ನಾನು ಮುಗಿಸಿರಬೇಕು. ಏನು ಬರೆಯುತ್ತಿದ್ದೇನೆ ಎಂದು ತಿಳಿಯುವ ಜರೂರಿರಲಿಲ್ಲ. ಕಂಪನಿಯ ಪರೀಕ್ಷೆಯಲ್ಲಿ ಇಂಜಿನಿಯರಿಂಗ್ ಓದಿದವರನ್ನೆಲ್ಲ ಹಿಂದೆ ಹಾಕಿ ಕುರ್ಚಿ ಹಿಡಿದದ್ದು ಈ ಬೆರಳಿನಿಂದಲೇ. ಸಾಹೇಬರಿಗೆ ಅದು ಗಂಟಲಲ್ಲಿ ಮುಳ್ಳು. ನನಗೆ ಎದೆಯಲ್ಲಿ ಹೆಮ್ಮೆ.

ಕಾಕಾನ ಪಕ್ಕದಲ್ಲಿ ಎರಡು ದಿನ ಕುಳಿತು ನೋಡಿದೆ. ಒಂದೇ ಬೆರಳಾದರೂ ಅಂಥ ನಿಧಾನವೇನಲ್ಲ. ಆದರೆ ಪ್ರತಿ ಸಲ ‘ತೆರೆ’ ಎಂದು ಬರೆದು, ಹೆಸರಿನ ಮೊದಲ ಅಕ್ಷರಗಳನ್ನು ಒತ್ತಿ, ಟ್ಯಾಬಿಗೆ ಮುಂಚೆ ಕೈ ಮೇಲೆತ್ತಿ ನಿಲ್ಲಿಸಿಬಿಡುತ್ತಿದ್ದರು. ತುಟಿ ಅಲುಗುತ್ತಿತ್ತು. ಆಮೇಲೆ ಟ್ಯಾಬ್. ಅಲ್ಲಿ ಎರಡು ಸೆಕೆಂಡು ಹೋಗುತ್ತಿತ್ತು. ಅಂಕಿಯೆಲ್ಲ ಏರುತ್ತಿದ್ದುದು ಅಲ್ಲೇ.

“ಏನ್ ಅದು? ಮಂತ್ರ ಹಾಕ್ತಿ ಏನು?”

ಕಾಕಾ ನಾಚಿಕೊಂಡರು. ಮಷೀನು ಬರುವ ಮೊದಲು ಅವರು ವಾಲ್ವಿರುವ ಗುಂಡಿಗಳ ಬಾಯಲ್ಲಿ ನಿಂತು, ಉದ್ದನೆಯ ಕೀಲಿಯಿಂದ ಕೈಯಾರೆ ನೀರು ಬಿಡುತ್ತಿದ್ದವರು. “ಕುಣಿ ಬಾಯಾಗ ಕೂಗೂದು ರೂಢಿ ಆಗೇತಿ. ಕೀಲಿ ತಿರುವೂ ಮೊದಲ ಮೂರು ಸಲ ಕೂಗಬೇಕು, ಒಳಗ ಯಾರರೆ ಅದೀರೇನ್ರೋ ಅಂತ. ನನಗ ಕೆಲಸ ಕಲಸಿದ ಮುದುಕ ಹಂಗ ಕಲಸಿದ್ದ. ಬಾಯಿ ಕೂಗಲಾರದ ಕೈ ತಿರಗೂದಿಲ್ಲ ನಂದು.”

ನಾನು ನಕ್ಕೆ. ಈಗ ಬರೆಯುವಾಗ ಆ ನಗು ನೆನಪಾದರೆ ಹಲ್ಲು ಕಿತ್ತು ಒಗೆಯಬೇಕು ಎನ್ನಿಸುತ್ತದೆ. “ಕಾಕಾ, ಇಲ್ಲಿ ಕುಣಿ ಎಲ್ಲೈತಿ? ಕಂಪ್ಯೂಟರ್ ಇದು. ಇದಕ್ಕ ಕಿವಿ ಇಲ್ಲ. ನೀ ಕೂಗಿದ್ದು ನನಗ ಕೇಳಂಗಿಲ್ಲ, ಐದು ಕಿಲೋಮೀಟರ್ ದೂರ ಇದ್ದಾವಗ ಕೇಳತೈತೇನು? ಅದನ್ನ ಬಿಡು ಮೊದಲ.”

ಅವರ ಮನೆಯಲ್ಲಿ ಪಾಠ ಶುರುವಾಯಿತು. ಶಿಫ್ಟು ಮುಗಿಸಿ ಸಂಜೆ ಐದಕ್ಕೆ ಹೋಗುತ್ತಿದ್ದೆ. ಡಿಟಿಪಿ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕೀಬೋರ್ಡು ತಂದು ಸ್ಟೂಲಿನ ಮೇಲಿಟ್ಟೆ. ವೈರು ಯಾವುದಕ್ಕೂ ಜೋಡಿಸಿರಲಿಲ್ಲ. ಪಕ್ಕದಲ್ಲೇ ಒಲೆಯ ಮುಂದೆ ಕಾಕಾನ ಹೆಂಡತಿ ಮಾಬೂಬಿ ಕಾಕು ಜೋಳದ ರೊಟ್ಟಿ ಬಡಿಯುತ್ತಿದ್ದರು.

“ಕಾಕುನ ಕೈ ಕೇಳು,” ಎಂದೆ. “ಟಪ ಟಪ ಟಪ, ನಡುವ ಎಲ್ಲ್ಯರ ನಿಲ್ತಾವೇನು? ನಿಂತ್ರ ರೊಟ್ಟಿ ಹರೀತೈತಿ. ಹಂಗ ಒತ್ತಬೇಕು. ಅಕ್ಷರ, ಅಕ್ಷರ, ಟ್ಯಾಬ್, ಎಂಟರ್. ಕಡೀ ಎರಡು ಒಂದ ಉಸರಿನಾಗ, ರೊಟ್ಟಿ ಹಂಚಿಗೆ ಹಾಕಿದಂಗ.”

ಕಾಕು ಹಿಟ್ಟಿನ ಕೈಯಲ್ಲೇ ತಿರುಗಿ ನೋಡಿದರು. “ಮೂವತ್ತು ವರ್ಷ ಇವ್ರು ನನ್ನ ಕೈ ಕಡೆ ನೋಡಿರಲಿಲ್ಲ ಮೈಲಾರಿ. ನೀ ಬಂದು ನೋಡಿಸಿದಿ.”

“ಸುಮ್ನಿರಲೇ. ತಾಳ ತಪ್ಪತೈತಿ.”

“ತಾಳ ತಪ್ಪಲಿ, ರೊಟ್ಟಿ ಹೊತ್ತೀತು. ಹೊತ್ತಿದ್ದನ್ನ ನಿಮಗ ಇಬ್ಬರಿಗೂ ಹಾಕ್ತೀನಿ.”

ಎರಡು ವಾರ ಕಾಕಾನ ಕೈ ಆ ಒಂದು ಜಾಗಕ್ಕೆ ಬಂದ ಕೂಡಲೇ ತಾನಾಗಿಯೇ ಏಳುತ್ತಿತ್ತು. ಎದ್ದಾಗಲೆಲ್ಲ ನಾನು ಮಣಿಕಟ್ಟಿಗೆ ಅಡಿಪಟ್ಟಿಯಿಂದ ಮೆಲ್ಲಗೆ ಬಡಿಯುತ್ತಿದ್ದೆ. ನನ್ನ ವಯಸ್ಸಿನ ಎರಡರಷ್ಟು ದಾಟಿದ ಮನುಷ್ಯ, ಬಡಿಸಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ನನ್ನ ಮಾಸ್ತರು ನನಗೆ ಹೀಗೆಯೇ ಬಡಿಯುತ್ತಿದ್ದರು, ಅದಕ್ಕೇ ನಾನು ಶಾಲೆ ಬಿಟ್ಟದ್ದು. ಆ ಹೊತ್ತಿನಲ್ಲಿ ಅದು ನೆನಪಾಗಲಿಲ್ಲ.

ಮೂರನೆಯ ವಾರ ಕೈ ಏಳುವುದು ನಿಂತಿತು. ಬೋರ್ಡಿನಲ್ಲಿ ಮೂವತ್ತೆಂಟು ಕಂಡಿತು, ಆಮೇಲೆ ಇಪ್ಪತ್ತೆರಡು. ಮಾರ್ಚ್ ಎರಡನೆಯ ಸೋಮವಾರ ಒಂಬತ್ತು. ಹಸಿರು. ಕಾಕಾ ಅಂದು ಎಲ್ಲರಿಗೂ ಚುರುಮುರಿ ಗಿರಮಿಟ್ಟು, ಮೆಣಸಿನಕಾಯಿ ಬಜ್ಜಿ ತರಿಸಿದರು. ಸಾಹೇಬರು ಒಂದು ಮೆಣಸಿನಕಾಯಿ ಕಡಿದು, “ಏನ್ ದಾವಲಸಾಬ, ಹೊಸಾ ಬೆರಳು ಹಾಕಿಸ್ಕೊಂಡು ಬಂದಿ?” ಎಂದರು. ಎಲ್ಲರೂ ನಕ್ಕರು. ಈ ಸಲ ನಾನೂ ನಕ್ಕೆ.

ಹೊರಗೆ ಬಂದಾಗ ಕಾಕಾ ಹೇಳಿದ್ದು ಒಂದೇ ಮಾತು. “ಎಲ್ಲಾ ಚಲೋ ಆತು. ಆದ್ರ ಕೈ ನಿಲ್ಲಸಲಾರದ ಹೊಡದ್ರ ಬಾಯಾಗ ಏನೋ ಉಳದಂಗ ಆಗತೈತಿ. ನುಂಗಾಕೂ ಬರೂದಿಲ್ಲ, ಉಗುಳಾಕೂ ಬರೂದಿಲ್ಲ.”

“ಗಿರಮಿಟ್ಟಿನ ಉಳ್ಳಾಗಡ್ಡಿ ಇರಬೇಕು ತಗೋ,” ಎಂದೆ.

ಒಂಬತ್ತು ದಿನಗಳ ನಂತರ, ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆ.

ಹಮಾಲರ ಕಾಲನಿಗೆ ನೀರಿನ ಪಾಳಿ. ಅಲ್ಲಿ ವಾಲ್ವುಗಳು ಎರಡು. ‘ಹಮಾಲ-ಕಾಲನಿ-ಮೇಲ್‌ಟಾಕಿ’ ಮನೆಗಳಿಗೆ ನೀರು ಕೊಡುವುದು. ‘ಹಮಾಲ-ಕಾಲನಿ-ಕೆಳಕುಣಿ’ ದೊಡ್ಡ ಪೈಪಿನದು, ಆಳೆತ್ತರಕ್ಕಿಂತ ಎರಡು ಮೊಳ ಹೆಚ್ಚಿನ ಕುಣಿಯೊಳಗೆ ಇರುವುದು. ಹಿಂದಿನ ದಿನ ಕೆಳಕುಣಿಯಲ್ಲಿ ಸೋರಿಕೆ ಎಂದು ನಾವೇ ಅದನ್ನು ಹತ್ತು ಹದಿನೈದು ಸಲ ತೆರೆದು ಮುಚ್ಚಿ ಪರೀಕ್ಷೆ ಮಾಡಿದ್ದೆವು. ಅಂದು ಫಿಟ್ಟರ್ ಗಾಳೆಪ್ಪ ವಡ್ಡರ ವಾಶರ್ ಬದಲಿಸಲು ಅದರೊಳಗೆ ಇಳಿದಿದ್ದ. ‘ಒಳಗೆ ಕೆಲಸ ನಡೆದಿದೆ’ ಎಂದು ಮಷೀನಿನಲ್ಲಿ ನಮೂದಾಗಿತ್ತು. ಆ ನಮೂದು ವಾಲ್ವನ್ನು ತಡೆಯುವುದಿಲ್ಲ. ಮೊದಲು ತಡೆಯುತ್ತಿತ್ತಂತೆ, ಗುತ್ತಿಗೆದಾರರು ಕೆಲಸ ಮುಗಿದ ಮೇಲೂ ತೆಗೆಯಲು ಮರೆತು ಓಣಿಗಳು ಒಣಗಿದ್ದರಿಂದ ಕಂಪನಿ ಅದನ್ನು ಬರೀ ಸೂಚನೆ ಮಾಡಿತು. ಪಟ್ಟಿಯಲ್ಲಿ ಕಾಣುತ್ತದೆ. ಪಟ್ಟಿ ಬಂದರೆ.

ಕಾಕಾ ‘ತೆರೆ’ ಎಂದು ಬರೆದರು. ಹ, ಮಾ, ಟ್ಯಾಬ್, ಎಂಟರ್. ಒಂದೇ ಉಸಿರು. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಅವರ ಪರದೆಯನ್ನು ನೋಡುತ್ತಲೇ ಇದ್ದೆ. ಆದರೆ ನನ್ನ ಕಣ್ಣು ಇದ್ದದ್ದು ಮೂಲೆಯಲ್ಲಿ, ವೇಗದ ಅಂಕಿ ಮೂಡುವಲ್ಲಿ. ಕೀಗೂ ಕೀಗೂ ನಡುವೆ ಸೆಕೆಂಡಿನ ನೂರಾ ಹತ್ತು ಚೂರು ಎಂದು ಮೂಡಿತು. ನನ್ನ ವೇಗದ ಹತ್ತಿರ ಹತ್ತಿರ. ಭೇಷ್ ಮುದುಕ ಎಂದುಕೊಂಡೆ. ನಡುವಿನ ಸಾಲಿನಲ್ಲಿ ಮಷೀನು ಯಾವ ಹೆಸರು ತುಂಬಿತ್ತು ಎಂದು ನಾನೂ ಓದಲಿಲ್ಲ, ಅವರೂ ಓದಲಿಲ್ಲ. ಓದುವಷ್ಟು ಹೊತ್ತು ನಿಲ್ಲಬಾರದು ಎಂದೇ ನಾನು ಕಲಿಸಿದ್ದು.

ಫೋನು ಬಂತು. ಸ್ಪೀಕರಿನಲ್ಲಿ ಹೆಣ್ಣಿನ ದನಿ. ಗಾಳೆಪ್ಪನ ಹೆಂಡತಿ ದುರ್ಗವ್ವ. ಗಂಡ ಕೆಳಗಿಳಿದರೆ ಮೇಲೆ ಹಗ್ಗ ಹಿಡಿದು ಸಾಮಾನು ಕೊಡುವವಳು ಅವಳೇ.

“ಸಾಯಬ್ರ, ನೀರು ಬಿಟ್ಟೀರಿ. ನಮ್ಮವ್ರು ಒಳಗ ಅದಾರ. ಬಂದ್ ಮಾಡ್ರಿ.”

ಅವಳು ಚೀರಲಿಲ್ಲ. ತಪ್ಪು ನಂಬರಿಗೆ ಹಚ್ಚಿದ್ದೇನೋ ಎಂಬಂತೆ ಎರಡು ಸಲ ಅದನ್ನೇ ಹೇಳಿದಳು. ಕಾಕಾ ‘ಮುಚ್ಚು’ ಎಂದು ಬರೆಯಲು ಹೋದರು. ಮು ಒತ್ತಿದರು, ತಪ್ಪಿತು, ಅಳಿಸಿದರು, ಮತ್ತೆ ಒತ್ತಿದರು. ಹ ಹುಡುಕಿದರು. ಟ್ಯಾಬ್ ಒತ್ತಿದರು. ಮಷೀನು ಅವರ ಬೆರಳನ್ನು ಅಳೆಯಿತು. ಇವನಿಗೆ ಸಂದೇಹವಿದೆ ಎಂದು ತಿಳಿಯಿತು. ನಿಧಾನಕ್ಕೆ, ಅಚ್ಚುಕಟ್ಟಾಗಿ ಪಟ್ಟಿ ತೆಗೆದು ತೋರಿಸಿತು. ಕೆಳಕುಣಿ: ತೆರೆದಿದೆ, ಒಳಗೆ ಕೆಲಸ ನಡೆದಿದೆ. ಮೇಲ್‌ಟಾಕಿ: ಮುಚ್ಚಿದೆ. ಆರಿಸಿಕೊಳ್ಳಿ. ಇದೇನಾ?

ನಾನು ಕಾಕಾನನ್ನು ಕುರ್ಚಿಯಿಂದ ಆಚೆ ನೂಕಿ ಕುಟ್ಟಿದೆ. ನನ್ನ ಬೆರಳು ಅರ್ಧ ಸೆಕೆಂಡಿನಲ್ಲಿ ಮುಗಿಸಿತು. ಆ ವಾಲ್ವಿನ ಮೋಟಾರಿಗೆ ಮುಚ್ಚಲು ತೊಂಬತ್ತು ಸೆಕೆಂಡು ಬೇಕು. ಅದರ ವೇಗ ಯಾರ ಬೆರಳನ್ನೂ ಕೇಳುವುದಿಲ್ಲ. ಫೋನಿನಲ್ಲಿ ದುರ್ಗವ್ವನ ದನಿ ಇರಲಿಲ್ಲ. ನೀರಿನ ಸಪ್ಪಳ ಇತ್ತು, ಆಮೇಲೆ ಅದೂ ಕಡಿಮೆಯಾಗುತ್ತ ಬಂತು. ಕೊಠಡಿಯಲ್ಲಿದ್ದವರೆಲ್ಲ ಅದನ್ನು ಕೇಳುತ್ತ ನಿಂತಿದ್ದೆವು.

ಗಾಳೆಪ್ಪನಿಗೆ ಮೂವತ್ತನಾಲ್ಕು. ಅವನನ್ನು ಮಣ್ಣು ಮಾಡುವಲ್ಲಿಗೆ ಕಾಕಾ ಹೋದರು. ಬೇಡ, ಹೊಡೆಯುತ್ತಾರೆ ಎಂದು ನಾನು ತಡೆದೆ. ಯಾರೂ ಹೊಡೆಯಲಿಲ್ಲವಂತೆ. ದುರ್ಗವ್ವ ಇವರನ್ನು ನೋಡಿ, “ಆ ಕುರ್ಚಿ ಮ್ಯಾಲ ನೀವ ಅದೀರಿ ಅಂತ ಕೇಳಿ ನನಗ ಧೈರ್ಯ ಇತ್ತರಿ,” ಎಂದಳಂತೆ. ಅಷ್ಟನ್ನು ಹೇಳಿ ಕಾಕಾ ಗೋಡೆಗೆ ಒರಗಿ ಕುಳಿತರು. ಮಾಬೂಬಿ ಕಾಕು ಅಂದು ಒಲೆ ಹಚ್ಚಿರಲಿಲ್ಲ. ನಾಲ್ಕು ದಿನ ಪಕ್ಕದ ಮನೆಯಿಂದ ಅನ್ನ ಬಂತು. ಐದನೆಯ ದಿನ ಅವರು ಹಿಟ್ಟು ಕಲಸಿ ಒಂದು ಬಡಿತ ಬಡಿದದ್ದೇ, ಕಾಕಾ ಎದ್ದು ಹೊರಗೆ ಹೋದರಂತೆ.

ವಿಚಾರಣೆಗೆ ಮುಖ್ಯ ಕಚೇರಿಯಿಂದ ಮೂವರು ಬಂದರು. ನಡುವೆ ಕುಳಿತವರು ಕನ್ನಡಕದ ಹೆಂಗಸು, ಬೆಂಗಳೂರು ಕಡೆಯ ಮಾತು. ಪಕ್ಕಕ್ಕೆ ಅಭಿನಂದನ ಸಾಹೇಬರು. ಮೇಜಿನ ಮೇಲೆ ಮಷೀನು ಮುದ್ರಿಸಿಕೊಟ್ಟ ಹಾಳೆ: ಹನ್ನೊಂದು ಗಂಟೆ ನಾಲ್ಕು ನಿಮಿಷ, ಆಪರೇಟರ್ ದಾವಲಸಾಬ ನದಾಫ, ವೇಗ ನೂರಾ ಹತ್ತು, ಸಂದೇಹ ಸೊನ್ನೆ.

ನಾನು ಹೋಗುವಾಗ ಎದೆಯಲ್ಲಿ ಒಂದೇ ಮಾತು ಇಟ್ಟುಕೊಂಡು ಹೋಗಿದ್ದೆ. ನಿಜ ಹೇಳಿಬಿಡಬೇಕು. ತಪ್ಪು ನನ್ನದು, ಈ ಅಂಕಿಯದು. ಅದನ್ನು ಹೇಳಿದರೆ ಕಾಕಾ ಉಳಿಯುತ್ತಾರೆ.

“ಮೇಡಂ, ಅವ್ರಿಗೆ ಕಲಿಸಿದ್ದು ನಾನ್ರಿ,” ಎಂದೆ. “ಅವ್ರು ಮೊದಲ ಟ್ಯಾಬಿಗೆ ಮುಂಚೆ ಎರಡು ಸೆಕೆಂಡು ನಿಲ್ತಿದ್ರು. ಕುಣಿಯಾಗ ಯಾರರೆ ಅದಾರೇನು ಅಂತ ಕೂಗೋ ರೂಢಿ. ಆ ಕೂಗು ಗಾಳೆಪ್ಪಗ ಕೇಳತಿರಲಿಲ್ಲ, ಖರೇ. ಆದ್ರ ಕೈ ನಿಂತಿದ್ರ ಪಟ್ಟಿ ಬರ್ತಿತ್ತು, ಒಳಗ ಕೆಲಸ ನಡದೈತಿ ಅನ್ನೂದು ಕಾಣ್ತಿತ್ತು. ನಿಮ್ಮ ಮಷೀನು ಅದನ್ನ ಸಂದೇಹ ಅಂತ ಬರೀತು. ನಾ ಹೊಡದು ಬಿಡಿಸಿದೆ.”

ಅವರು ಬರೆದುಕೊಳ್ಳುತ್ತಿದ್ದರು. ಪೆನ್ನು ನಿಲ್ಲಿಸಿ ಕೇಳಿದರು. “ಅಂದ್ರೆ ಈ ಮುನ್ನೆಚ್ಚರಿಕೆ ಅವರಿಗೆ ಗೊತ್ತಿತ್ತು.”

“ಗೊತ್ತಿತ್ತರಿ. ಮೂವತ್ತೊಂದು ವರ್ಷ...”

“ಗೊತ್ತಿದ್ದೂ ಬಿಟ್ಟರು.”

“ನಾ ಬಿಡಿಸಿದೆ ಅನ್ನಾಕತ್ತೀನಲ್ರಿ.”

“ನೀವು ಅವರ ಮೇಲಧಿಕಾರೀನಾ?”

“ಅಲ್ರಿ.”

“ಸಂಸ್ಥೆ ನಿಮಗೆ ತರಬೇತಿ ಕೊಡೋಕೆ ಹೇಳಿತ್ತಾ?”

ನಾನು ಸಾಹೇಬರ ಮುಖ ನೋಡಿದೆ. ಅವರು ಹಾಳೆ ನೋಡುತ್ತಿದ್ದರು. “ಹತ್ತಕ್ಕ ಇಳೀದಿದ್ರ ಹೊರಗ ಹಾಕ್ತೀವಿ ಅಂದಿದ್ರು. ಮಂದಿ ಮುಂದ ಬೆರಳಿಲ್ಲ ಅಂದ್ರು. ಅದು ಹೇಳಿದಂಗ ಅಲ್ಲೇನ್ರಿ?”

“ಗುರಿ ಕೊಟ್ಟಿತ್ತು. ಎಚ್ಚರ ಬಿಡಿ ಅಂತ ಹೇಳಿರಲಿಲ್ಲ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಜಗಳವಾಡಲು ಬರುತ್ತಿತ್ತು. “ನೋಡಿ, ಗೊತ್ತಿಲ್ಲದೆ ಆಗಿದ್ರೆ ಅದು ಬೇರೆ. ವಯಸ್ಸಾದವರು, ಹೊಸ ಯಂತ್ರ, ತಬ್ಬಿಬ್ಬಾದ್ರು ಅಂತ ಬರೀಬಹುದಿತ್ತು. ಅವರೂ ಬೆಳಿಗ್ಗೆ ಹಾಗೇ ಹೇಳಿದ್ರು, ಕೈ ತಪ್ಪಿತು ಅಂತ. ನಿಮ್ಮ ಹೆಸರೇ ಎತ್ತಲಿಲ್ಲ. ಈಗ ನೀವೇ ಹೇಳ್ತಿದೀರಿ, ಕೈ ತಪ್ಪಲಿಲ್ಲ, ಅಭ್ಯಾಸ ಮಾಡಿದ್ರು ಅಂತ.”

ಮೇಜಿನ ಮೇಲಿನ ಹಾಳೆ ಎಳೆದುಕೊಂಡು ಹರಿಯಲು ಹೋದೆ. ಸಾಹೇಬರು ಕೈ ಹಿಡಿದರು. “ಅದರ ನಕಲು ನಾಕದಾವ ಮೈಲಾರಿ,” ಎಂದರು. ಮೊದಲ ಸಲ ಅವರು ನನ್ನೊಡನೆ ಮೆತ್ತಗೆ ಮಾತಾಡಿದ್ದು. ನನ್ನ ಹೇಳಿಕೆಯನ್ನು ಕಂಪ್ಯೂಟರಿನಲ್ಲಿ ಕುಟ್ಟಿ ತಂದರು. ಮೂರು ಸಾಲು. ‘ಸುರಕ್ಷತಾ ಕ್ರಮದ ಅರಿವಿದ್ದೂ ಆಪರೇಟರ್ ಅದನ್ನು ಉದ್ದೇಶಪೂರ್ವಕವಾಗಿ ಕೈಬಿಟ್ಟಿರುವುದನ್ನು ಸಹೋದ್ಯೋಗಿ ದೃಢಪಡಿಸಿರುತ್ತಾರೆ.’ ನಾನು ಅದನ್ನು ಅಕ್ಷರ ಅಕ್ಷರ ಕೂಡಿಸಿ ಮೂರು ಸಲ ಓದಿದೆ. ಇಂಥ ಸಾಲುಗಳನ್ನು ಕೋರ್ಟಿನ ಮುಂದೆ ಕುಳಿತು ಎಷ್ಟು ಸಾವಿರ ಕುಟ್ಟಿದ್ದೆನೋ. ಓದಿದ್ದು ಇದೇ ಮೊದಲು.

ಸಹಿ ಮಾಡುವುದಿಲ್ಲ ಎಂದೆ. ಮಾಡದಿದ್ದರೂ ನಡೆಯುತ್ತದೆ, ದನಿ ಮುದ್ರಣವಾಗಿದೆ ಎಂದರು.

ಹೊರಗೆ ಪಡಸಾಲೆಯ ಬೆಂಚಿನ ಮೇಲೆ ಕಾಕಾ ಕುಳಿತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಟೊಪ್ಪಿಗೆ. ಪಕ್ಕದಲ್ಲಿ ಒಬ್ಬ ಪೇದೆ ಮೊಬೈಲು ನೋಡುತ್ತಿದ್ದ. ಠಾಣೆಯ ಜೀಪು ಬರಬೇಕಿತ್ತು. ನನ್ನನ್ನು ನೋಡಿ ಕಾಕಾ ಸರಿದು ಜಾಗ ಮಾಡಿದರು. ನಾನು ಕೂರಲಿಲ್ಲ.

“ನಿನ್ನ ಏನೂ ಬೈಲಿಲ್ಲಲ್ಲ?” ಎಂದರು. “ನಿನ್ನ ಹೆಸರು ಹೇಳಿಲ್ಲ ನಾನು. ಹೇಳಂಗೂ ಇಲ್ಲ. ನೀ ಸುಮ್ನಿರು. ಸಿಟ್ಟಿನಾಗ ಏನರೆ ಒದರಬ್ಯಾಡ.”

ಒಳಗೆ ಏನು ಹೇಳಿ ಬಂದೆ ಎಂದು ಇವರಿಗೆ ಇನ್ನು ಒಂದು ಗಂಟೆಯೊಳಗೆ ಯಾರಾದರೂ ಓದಿ ಹೇಳುತ್ತಾರೆ.

ಕಾಕಾ ತಮ್ಮ ಬಲಗೈ ಬೆರಳುಗಳನ್ನು ತೊಡೆಯ ಮೇಲೆ ಬಿಡಿಸಿ ನೋಡಿಕೊಂಡರು. ಪೇದೆಗೆ ಕೇಳಿಸದ ಹಾಗೆ ದನಿ ತಗ್ಗಿಸಿದರು. ಮೂರು ವಾರ ಪಾಠ ಹೇಳಿಸಿಕೊಂಡವರು ಪರೀಕ್ಷೆ ಬರೆದು ಬಂದು ಕೇಳುವಂತೆ ಕೇಳಿದರು.

“ಖರೇ ಹೇಳು ಮೈಲಾರಿ. ಅವತ್ತು ನನ್ನ ಕೈ ಚಲೋ ಓಡಿತ್ತು, ಹೌದಿಲ್ಲೋ? ಆ ಮಷೀನು ನನ್ನ ನಂಬಿತ್ತಲ್ಲ?”

ನಾನು ಅವರ ಮುಖ ನೋಡಿದೆ. ಆಮೇಲೆ ತಿರುಗಿ, ಮೆಟ್ಟಿಲಿಳಿದು, ಗೇಟಿನ ಕಡೆಗೆ ನಡೆದುಬಿಟ್ಟೆ.